ನೀರಿಳಿದಾಗ ಕಾಣುವ ದಿಬ್ಬ: ಈಜಿಪ್ಟಿನ ಸೃಷ್ಟಿಕಥೆಗಳಿಗೆ ಒಂದು ತಗಡಿನ ತಟ್ಟೆ

ಪ್ರಾಚೀನ ಈಜಿಪ್ಟಿನ ಸೃಷ್ಟಿಕಥೆಗಳನ್ನು ಎಂಟರಿಂದ ಹನ್ನೆರಡು ವರ್ಷದ ಮಕ್ಕಳಿಗೆ ತೋರಿಸುತ್ತಾ ಹೇಳುವುದಕ್ಕೆಂದು, ವಿಜಯಪುರದ ಕಡೆಯ ಒಂದು ಬೇಸಿಗೆ ಶಿಬಿರಕ್ಕಾಗಿ ಕಟ್ಟಿದ ಮಾದರಿಯ ವಿವರಗಳನ್ನು ಇಲ್ಲಿ ಬರೆದಿಡುತ್ತಿದ್ದೇನೆ. ನೀರು ತುಂಬಿ ಇಳಿಸಬಹುದಾದ ತಟ್ಟೆ ಮತ್ತು ಅದರೊಳಗಿನ ದಿಬ್ಬ, ದಿಬ್ಬದ ಮೇಲೆ ಏರಿ ನಿಲ್ಲುವ ಆಕಾಶದ ಚೌಕಟ್ಟು, ಪಕ್ಕದಲ್ಲಿ ತಿರುಗುವ ಒಂದು ಚಿಕ್ಕ ತಿಗರಿ, ಇಷ್ಟೇ ಅದರ ಭಾಗಗಳು. ಹೆಚ್ಚು ಯೋಚನೆ ಬೇಡಿದ್ದು ತಟ್ಟೆ, ಏಕೆಂದರೆ ಈ ಕಥೆಗಳೆಲ್ಲ ಹೊರಡುವುದು ಅಲ್ಲಿಂದಲೇ.

ಈಜಿಪ್ಟಿನ ಒಂದೊಂದು ದೊಡ್ಡ ಊರೂ ತನ್ನ ತನ್ನ ದೇವರನ್ನು ಸೃಷ್ಟಿಕರ್ತನೆಂದು ಹೇಳಿಕೊಂಡಿತು. ಹೀಲಿಯೊಪೊಲಿಸ್‌ನಲ್ಲಿ ಅತುಮ್, ಮೆಂಫಿಸ್‌ನಲ್ಲಿ ಪ್ತಾಹ್, ಎಸ್ನಾದಲ್ಲಿ ಖ್ನುಮ್. ಹರ್ಮೊಪೊಲಿಸ್‌ನಲ್ಲಂತೂ ಒಬ್ಬರಲ್ಲ, ಎಂಟು ಮಂದಿ. ಆದರೆ ಹೆಚ್ಚಿನ ಕಥೆಗಳ ಹಿಂದೆ ನುನ್ ಎಂಬ ದಡವಿಲ್ಲದ, ಕತ್ತಲು ಕವಿದ ನೀರಿದೆ. ಆ ನೀರಿನಿಂದ ಮೊದಲ ನೆಲ ಒಂದು ದಿಬ್ಬವಾಗಿ ಹೊರಗೆ ಕಾಣಿಸಿಕೊಳ್ಳುತ್ತದೆ. ನೈಲ್ ಕಣಿವೆಯ ರೈತನಿಗೆ ಇದು ವರ್ಷವರ್ಷವೂ ಕಣ್ಣೆದುರಿಗೆ ನಡೆಯುತ್ತಿದ್ದ ಸಂಗತಿ. ಇಥಿಯೋಪಿಯದ ಮಳೆಯಿಂದ ಬೇಸಿಗೆಯಲ್ಲಿ ನದಿ ಉಕ್ಕಿ ಹೊಲಗಳನ್ನೆಲ್ಲ ಮುಳುಗಿಸುತ್ತಿತ್ತು. ಶರತ್ಕಾಲದಲ್ಲಿ ನೀರು ಇಳಿಯತೊಡಗಿದಾಗ ಎತ್ತರದ ನೆಲ ಮೊದಲು ತಲೆ ತೋರುತ್ತಿತ್ತು, ಅದರ ಮೇಲೆ ಹೊಸ ಕಪ್ಪು ಮೆಕ್ಕಲು ಇರುತ್ತಿತ್ತು. ಅಸ್ವಾನ್‌ನ ದೊಡ್ಡ ಅಣೆಕಟ್ಟು 1970ರಲ್ಲಿ ಪೂರ್ಣಗೊಂಡ ಮೇಲೆ ಈ ಪ್ರವಾಹವನ್ನು ಈಜಿಪ್ಟಿನ ಮಕ್ಕಳೂ ಕಾಣುವಂತಿಲ್ಲ. ಆದ್ದರಿಂದ ಅದನ್ನು ತಟ್ಟೆಯಲ್ಲಿ ತೋರಿಸುವುದು ಬರಿಯ ಅಲಂಕಾರವಲ್ಲ, ಕಥೆಯ ಅರ್ಧ ಭಾಗ.

ಮಾದರಿ ಕಟ್ಟುವವರಿಗೆ ಥಟ್ಟನೆ ಹೊಳೆಯುವ ಉಪಾಯವೆಂದರೆ ತಟ್ಟೆಯ ಅಡಿಯಿಂದ ಒಂದು ಸನ್ನೆಕೋಲು ಕೊಟ್ಟು ದಿಬ್ಬವನ್ನು ಮೇಲಕ್ಕೆ ನೂಕುವುದು. ನೋಡಲು ಅದು ಚುರುಕಾಗಿರುತ್ತದೆ, ನೀರಿನ ಸೋರಿಕೆಯ ತಲೆನೋವನ್ನು ಬಿಟ್ಟರೆ ಕಟ್ಟುವುದೂ ಸುಲಭ. ಆದರೂ ಅದನ್ನು ಕೈಬಿಟ್ಟದ್ದಕ್ಕೆ ಕಾರಣ ಕಥೆಯೊಳಗೇ ಇದೆ. ದಿಬ್ಬವನ್ನು ನೂಕಿದರೆ ನೂಕಿದವರು ಯಾರು ಎಂಬ ಪ್ರಶ್ನೆ ಮಗುವಿನ ಬಾಯಲ್ಲಿ ಬಂದೇ ಬರುತ್ತದೆ, ಮತ್ತು ಈಜಿಪ್ಟಿನ ಕಥೆಯಲ್ಲಿ ಅದಕ್ಕೆ ಉತ್ತರವಿಲ್ಲ: ಅತುಮ್ ತನ್ನನ್ನು ತಾನೇ ಉಂಟುಮಾಡಿಕೊಂಡವನು, ಅವನಿಗಿಂತ ಮೊದಲು ನೂಕಲು ಯಾರೂ ಇರಲಿಲ್ಲ. ನೀರು ಇಳಿದರೆ ಮಾತ್ರ ದಿಬ್ಬ ಯಾರ ಕೈಯೂ ಸೋಕದೆ ತಾನಾಗಿಯೇ ಕಾಣಿಸಿಕೊಳ್ಳುತ್ತದೆ. ಹಾಗಾಗಿ ದಿಬ್ಬ ಅಲುಗಬಾರದು, ನೀರು ಇಳಿಯಬೇಕು, ಇಳಿಸುವ ಕೈ ಕಾಣಬಾರದು ಎಂದು ತೀರ್ಮಾನಿಸಿ, ಉಳಿದ ಅಳತೆಗಳನ್ನೆಲ್ಲ ಇದಕ್ಕೆ ಹೊಂದಿಸಿದ್ದಾಯಿತು.

ತಟ್ಟೆಯನ್ನು ತಗಡಿನ ಕೆಲಸ ಮಾಡುವವರಿಂದ 26 ಗೇಜಿನ ಜಿಐ ತಗಡಿನಲ್ಲಿ ಮಾಡಿಸಲಾಯಿತು: 60 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 15 ಸೆಂ.ಮೀ. ಎತ್ತರ, ಅಂಚುಗಳಿಗೆ ಬೆಸುಗೆ. 8 ಸೆಂ.ಮೀ. ನೀರು ನಿಲ್ಲಿಸಿದರೆ ಸುಮಾರು 20 ಲೀಟರ್ ಹಿಡಿಯುತ್ತದೆ, ಅಂದರೆ 20 ಕಿಲೋ ಭಾರ. ಈ ಭಾರಕ್ಕೆ ತೆಳು ತಗಡು ಹೊಟ್ಟೆ ಬಿಡುವುದರಿಂದ ಅಡಿಗೆ 12 ಮಿ.ಮೀ. ಪ್ಲೈವುಡ್ ಹಲಗೆ ಬೇಕೇ ಬೇಕು. ಇದಕ್ಕಿಂತ ದೊಡ್ಡ ತಟ್ಟೆ ಮಾಡಿಸಬೇಕೆಂಬ ಆಸೆ ಯಾರಿಗಾದರೂ ಬಂದರೆ, ನೀರು ತುಂಬಿದ ಮೇಲೆ ಮೇಜಿನ ಕಾಲು ತಡೆಯುತ್ತದೆಯೇ ಎಂದು ಮೊದಲು ಲೆಕ್ಕ ಹಾಕುವುದು ಒಳ್ಳೆಯದು.

ನೀರು ಹೊರಹೋಗುವ ತೂತನ್ನು ತಳದಲ್ಲಿ ಕೊರೆಯಲಿಲ್ಲ. ಹಿಂಬದಿಯ ಗೋಡೆಯಲ್ಲಿ, ತಳದಿಂದ 3 ಸೆಂ.ಮೀ. ಎತ್ತರದಲ್ಲಿ ಕೊರೆದು ಅರ್ಧ ಇಂಚಿನ ಟ್ಯಾಂಕ್ ನಿಪ್ಪಲ್ ಕೂರಿಸಿ, ಒಳಹೊರಗೆ ವಾಷರ್ ಕೊಟ್ಟು, ಸುತ್ತ ಎಂ-ಸೀಲ್ ಹಚ್ಚಲಾಯಿತು. ಅದಕ್ಕೆ ಬಾಲ್ ವಾಲ್ವ್, ವಾಲ್ವಿಗೆ ಪ್ಲಾಸ್ಟಿಕ್ ಪೈಪು, ಪೈಪಿನ ತುದಿ ಮೇಜಿನ ಕೆಳಗಿನ ಬಕೆಟ್ಟಿನಲ್ಲಿ. ತೂತು ಎತ್ತರದಲ್ಲಿರುವುದರಿಂದ ತಳಕ್ಕೆ ಕೂತ ಮಣ್ಣು ವಾಲ್ವಿಗೆ ಹೋಗಿ ಕಟ್ಟಿಕೊಳ್ಳುವುದಿಲ್ಲ. ಜೊತೆಗೆ, ನೀರು ಪೂರ್ತಿ ಬತ್ತದೆ ದಿಬ್ಬದ ಸುತ್ತ ಉಳಿಯುತ್ತದೆ. ಕಥೆಗೂ ಬೇಕಾದದ್ದು ಇದೇ, ಏಕೆಂದರೆ ಸೃಷ್ಟಿಯಾದ ಮೇಲೂ ನುನ್ ಮುಗಿದುಹೋಗಲಿಲ್ಲ. ಲೋಕದ ಸುತ್ತ ಅದು ಇದ್ದೇ ಇದೆ ಎಂದು ಈಜಿಪ್ಟಿನವರು ತಿಳಿದಿದ್ದರು. ಸತ್ತವರ ಜೊತೆ ಗೋರಿಯಲ್ಲಿ ಇಡುತ್ತಿದ್ದ ಮಂತ್ರಗಳ ಸಂಗ್ರಹವಾದ ಮೃತರ ಪುಸ್ತಕದ 175ನೆಯ ಅಧ್ಯಾಯದಲ್ಲಿ ಅತುಮ್ ತಾನು ಮಾಡಿದ್ದನ್ನೆಲ್ಲ ಒಂದು ದಿನ ಅಳಿಸುವೆನೆಂದೂ, ನೆಲ ಮತ್ತೆ ಆ ಮೊದಲಿನ ನೀರಿಗೇ ಮರಳುವುದೆಂದೂ ಹೇಳುತ್ತಾನೆ. ಬಕೆಟ್ಟಿನ ನೀರನ್ನು ಮುಂದಿನ ತಂಡಕ್ಕಾಗಿ ತಟ್ಟೆಗೆ ಮತ್ತೆ ಸುರಿಯುವಾಗ ಈ ಮಾತನ್ನು ಹೇಳುವುದಕ್ಕೆ ಒಳ್ಳೆಯ ಸಂದರ್ಭ ಸಿಗುತ್ತದೆ.

ದಿಬ್ಬದ ಒಳತಿರುಳಿಗೆ ಥರ್ಮೋಕೋಲ್ ನಡೆಯದು, ಅದು ಅಂಟು ಬಿಟ್ಟು ತೇಲುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ನೀರಿನಲ್ಲಿ ನೆನೆನೆನೆದು ಪುಡಿಯಾಗುತ್ತದೆ. ಇಟ್ಟಿಗೆ ಚೂರುಗಳನ್ನು ಸಿಮೆಂಟು ಗಾರೆಯಲ್ಲಿ ಜೋಡಿಸಿ 6.5 ಸೆಂ.ಮೀ. ಎತ್ತರಕ್ಕೆ ಕಟ್ಟಿ, ಮೇಲೆ ಎರೆಮಣ್ಣಿನ ರಾಡಿಯನ್ನು ಬಳಿಯಲಾಯಿತು. ಎರೆಮಣ್ಣನ್ನು ಆರಿಸಿದ್ದು ಅದು ಹತ್ತಿರದ ಹೊಲದಲ್ಲಿ ಸಿಗುತ್ತದೆ ಎಂಬುದಕ್ಕಷ್ಟೇ ಅಲ್ಲ. ನೈಲ್ ಹೊತ್ತು ತರುತ್ತಿದ್ದ ಕಪ್ಪು ಮೆಕ್ಕಲಿನ ಬಹುಭಾಗ ಇಥಿಯೋಪಿಯದ ಎತ್ತರದ ನಾಡಿನ ಬಸಾಲ್ಟ್ ಶಿಲೆ ಸವೆದು ಬಂದದ್ದು. ವಿಜಯಪುರದ ಎರೆಭೂಮಿಯೂ ದಖನ್ನಿನ ಬಸಾಲ್ಟ್ ಶಿಲೆ ಶಿಥಿಲಗೊಂಡು ಆದದ್ದು. ಎರಡು ಮಣ್ಣುಗಳ ಸ್ವಭಾವದಲ್ಲೂ ಹೋಲಿಕೆಯಿದೆ: ನೆನೆದರೆ ಉಬ್ಬುತ್ತವೆ, ಒಣಗಿದರೆ ಬಿರಿಯುತ್ತವೆ. ಈ ಕಡೆಯ ಮಕ್ಕಳಿಗೆ ಕಾಲಿಗೆ ಮೆತ್ತುವ ಎರೆಯನ್ನು ವಿವರಿಸಿ ಹೇಳಬೇಕಾದ ಅಗತ್ಯವೇ ಇಲ್ಲ. ಮಾದರಿಯನ್ನು ಮರುದಿನ ನೋಡಿದರೆ ದಿಬ್ಬದ ಮೇಲೆ ಸಣ್ಣ ಬಿರುಕುಗಳು ಎದ್ದಿರುತ್ತವೆ, ಅವನ್ನು ಮುಚ್ಚಬಾರದು.

ನೀರಿಗೂ ಒಂದೆರಡು ಹಿಡಿ ಎರೆಮಣ್ಣನ್ನು ಕದಡಿದರೆ ತಳ ಕಾಣದಷ್ಟು ಕಪ್ಪಾಗುತ್ತದೆ, ಮತ್ತು ಅದರ ನುಣುಪಾದ ಕಣಗಳು ಬೇಗ ತಳಕ್ಕೆ ಕೂರುವುದಿಲ್ಲ. ವಾಲ್ವನ್ನು ಸ್ವಲ್ಪವೇ ತೆರೆದು, ನೀರು 8ರಿಂದ 3 ಸೆಂ.ಮೀ.ಗೆ ಇಳಿಯಲು ಹತ್ತು ನಿಮಿಷ ಹಿಡಿಯುವಂತೆ ಹೊಂದಿಸಿಕೊಂಡು, ಹಿಡಿಕೆಯ ಆ ಜಾಗಕ್ಕೆ ಬಣ್ಣದ ಗುರುತು ಹಾಕಿಕೊಳ್ಳಬೇಕು. ಮೊದಲ ಮೂರು ನಿಮಿಷ ಏನೂ ಕಾಣುವುದಿಲ್ಲ. ಬೇಗ ತೆರೆದುಬಿಡೋಣ ಎಂದು ಕೈ ತುರಿಸಿದರೂ ತೆರೆಯಬಾರದು. ಏನೂ ಇಲ್ಲದ ಸ್ಥಿತಿಯನ್ನು ಮಕ್ಕಳು ಸ್ವಲ್ಪ ಹೊತ್ತು ನೋಡಿದ್ದರೆ ಮಾತ್ರ ಆಮೇಲೆ ಕಾಣುವುದಕ್ಕೆ ಬೆಲೆ. ಈ ಮೂರು ನಿಮಿಷದಲ್ಲಿ ನುನ್‌ನಲ್ಲಿ ಏನೇನು ಇರಲಿಲ್ಲ ಎಂದು ಕೇಳುತ್ತಾ ಹೋದರೆ ಸಾಕು: ಹಗಲಿಲ್ಲ, ದಿಕ್ಕಿಲ್ಲ, ಹೆಸರಿಲ್ಲ, ಸಾವೂ ಇಲ್ಲ.

ದಿಬ್ಬದ ನೆತ್ತಿಯಲ್ಲಿ ಸಿಮೆಂಟು ಹಸಿಯಿರುವಾಗಲೇ 20 ಮಿ.ಮೀ. ಪಿವಿಸಿ ಪೈಪಿನ ಒಂದು ತುಂಡನ್ನು ನೆಟ್ಟಗೆ ಹೂತಿಡಲಾಗಿದೆ. ಬೇರೆ ಬೇರೆ ಊರಿನ ಕಥೆಗಳಿಗೆ ಬೇರೆ ಬೇರೆ ಮಾದರಿ ಕಟ್ಟಬೇಕಾಗದಂತೆ ಮಾಡಿದ್ದು ಈ ತುಂಡೇ. ಮರದ ಗೊಂಬೆಗಳಿಗೆಲ್ಲ ಒಂದೇ ಅಳತೆಯ ಗೂಟ. ಮರ ನೆನೆದು ಉಬ್ಬುವುದರಿಂದ ಗೂಟವನ್ನು ಸ್ವಲ್ಪ ಸಡಿಲವಾಗಿಯೇ ಕೆತ್ತಬೇಕು. ಒಂದು ದಿನ ಅಲ್ಲಿ ಅತುಮ್ ನಿಲ್ಲುತ್ತಾನೆ, ಇನ್ನೊಂದು ದಿನ ಬೆನ್ನು ಎಂಬ ಬಕಪಕ್ಷಿ ಬಂದು ಕೂರುತ್ತದೆ, ಮತ್ತೊಂದು ದಿನ ಬಳಪದ ಕಲ್ಲಿನಲ್ಲಿ ಕೆತ್ತಿದ ಚೂಪು ತುದಿಯ ಬೆನ್‌ಬೆನ್, ಅಂದರೆ ಆ ಮೊದಲ ದಿಬ್ಬದ ಗುರುತಾದ ಪವಿತ್ರ ಕಲ್ಲು. ದಿಬ್ಬ ಮಾತ್ರ ಅದೇ. ಯಾವ ಕಥೆ ಸರಿ, ಯಾವುದು ತಪ್ಪು ಎಂದು ಮಕ್ಕಳು ಕೇಳುವುದು ಸಹಜ, ದೊಡ್ಡವರ ಪುಸ್ತಕಗಳೂ ಕೆಲವೊಮ್ಮೆ ಇವನ್ನು ಪರಸ್ಪರ ಪೈಪೋಟಿಯ ಮತಗಳೆಂಬಂತೆ ಬಿಡಿಸಿಡುತ್ತವೆ. ಈಜಿಪ್ಟಿನವರು ಹಾಗೆ ನೋಡಿದಂತಿಲ್ಲ. ಒಂದು ಊರಿನ ದೇವರನ್ನು ಇನ್ನೊಂದು ಊರಿನವರು ಅಳಿಸದೆ ತಮ್ಮ ಕಥೆಯೊಳಗೆ ಸೇರಿಸಿಕೊಂಡರು. ಅದನ್ನು ಬಾಯಿಮಾತಿನಲ್ಲಿ ವಿವರಿಸುವುದಕ್ಕಿಂತ, ಗೂಟ ಕಿತ್ತು ಗೂಟ ನೆಡುವ ಕೆಲಸವನ್ನು ಮಕ್ಕಳ ಕೈಗೇ ಕೊಡುವುದು ಮೇಲು.

ಹೀಲಿಯೊಪೊಲಿಸ್‌ನ ಕಥೆಯನ್ನು ಮೊದಲು ಹೇಳುತ್ತೇವೆ, ಏಕೆಂದರೆ ಅದರಲ್ಲಿ ಒಂದು ಕುಟುಂಬವಿದೆ. ಅತುಮ್ ಒಬ್ಬಂಟಿ. ಅವನು ಉಗುಳಿದಾಗ ಗಾಳಿಯ ದೇವರಾದ ಶು ಮತ್ತು ತೇವದ ದೇವತೆಯಾದ ತೆಫ್ನುತ್ ಹುಟ್ಟುತ್ತಾರೆ. ಅವರಿಗೆ ನೆಲದ ದೇವರು ಗೆಬ್, ಆಕಾಶದ ದೇವತೆ ನುತ್. ಇವರಿಗೆ ಒಸಿರಿಸ್, ಇಸಿಸ್, ಸೆತ್, ನೆಫ್ತಿಸ್. ಒಟ್ಟು ಒಂಬತ್ತು ಮಂದಿ. ಪಿರಮಿಡ್ಡುಗಳ ಒಳಗೋಡೆಯ ಮೇಲೆ ಕೆತ್ತಿದ ಬರಹಗಳಲ್ಲೇ ಈ ಉಗುಳಿನ ಪ್ರಸಂಗವಿದೆ. ಅತುಮ್ ತನ್ನ ಕೈಯಿಂದ ಬೀಜ ಹೊರಡಿಸಿ ಅವಳಿಗಳನ್ನು ಪಡೆದನೆಂಬ ಇನ್ನೊಂದು ಪ್ರಸಂಗವೂ ಅದೇ ಬರಹಗಳಲ್ಲಿ ಬರುತ್ತದೆ. ಮಕ್ಕಳಿಗೆ ಉಗುಳಿನ ಕಥೆ ಹೇಳುವಾಗ ಮೂಲವನ್ನು ತಿದ್ದುತ್ತಿದ್ದೇವೆ ಎಂಬ ಅಳುಕು ಬೇಕಿಲ್ಲ, ಎರಡೂ ಅಷ್ಟೇ ಪ್ರಾಚೀನ. ಉಗುಳುವ, ಸೀನುವ ಭಾಗಕ್ಕೆ ಯಾವ ಯಂತ್ರವೂ ಅನಗತ್ಯ, ಅದನ್ನು ಮಕ್ಕಳು ತಾವೇ ಉತ್ಸಾಹದಿಂದ ಮಾಡಿ ತೋರಿಸುತ್ತಾರೆ. ನುನ್ ಮತ್ತು ನುತ್ ಎಂಬ ಹೆಸರುಗಳು ಮಾತ್ರ ಅದಲುಬದಲಾಗುತ್ತವೆ; ನುನ್‌ನ ಚೀಟಿಯನ್ನು ತಟ್ಟೆಯ ಅಂಚಿಗೂ ನುತ್‌ಳ ಚೀಟಿಯನ್ನು ನೀಲಿ ಬಟ್ಟೆಗೂ ಅಂಟಿಸಿದ ಮೇಲೆ ಆ ಗೊಂದಲ ಕಡಿಮೆಯಾಯಿತು.

ಆಕಾಶದ ಚೌಕಟ್ಟಿಗೆ ಮೂಲಚಿತ್ರ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಗ್ರೀನ್‌ಫೀಲ್ಡ್ ಪಪೈರಸ್. ಸುಮಾರು ಕ್ರಿ.ಪೂ. 950ರ, 37 ಮೀಟರ್ ಉದ್ದದ ಆ ಸುರುಳಿಯಲ್ಲಿ ನುತ್ ಕೈಕಾಲು ಊರಿ ಬಾಗಿ ನಿಂತಿದ್ದಾಳೆ, ಕೆಳಗೆ ಗೆಬ್ ಒರಗಿ ಮಲಗಿದ್ದಾನೆ, ನಡುವೆ ಶು ಎರಡೂ ಕೈ ಎತ್ತಿ ಅವಳನ್ನು ಹೊತ್ತಿದ್ದಾನೆ. ಮೊದಲು ನೆಲ ಮತ್ತು ಆಕಾಶ ಅಪ್ಪಿಕೊಂಡೇ ಇದ್ದವು, ನಡುವೆ ಗಾಳಿ ಹೊಕ್ಕು ಬೇರೆ ಮಾಡಿತು ಎಂಬುದು ಇದರ ಹಿಂದಿನ ಕಥೆ. ಹಾಗಾಗಿ ಚೌಕಟ್ಟು ಮೇಲೆ ನಿಂತಿದ್ದರೆ ಸಾಲದು, ಕೆಳಗಿನಿಂದ ಏರಬೇಕು. ತಟ್ಟೆಯ ಎರಡು ಬದಿಯಲ್ಲಿ ಮರದ ಕಂಬ ನಿಲ್ಲಿಸಿ, ಮೇಜಿನ ಡ್ರಾಯರಿಗೆ ಹಾಕುವ 12 ಇಂಚಿನ ಚಾನಲ್‌ಗಳನ್ನು ನೆಟ್ಟಗೆ ಬಿಗಿದು, ಅವುಗಳ ನಡುವೆ ನುತ್‌ಳ ಮೈಯನ್ನು ಕೂರಿಸಲಾಗಿದೆ. ಶು ಪಾತ್ರದ ಮಗು ನಡುವಿನ ಗೊಂಬೆಯನ್ನು ಹಿಡಿದು ಎತ್ತುತ್ತದೆ, ಮೇಲೆ ತಲುಪಿದಾಗ ಎರಡು ಬದಿಯ ಚಿಲಕಗಳನ್ನು ಇನ್ನಿಬ್ಬರು ಸರಿಸುತ್ತಾರೆ. ಚಿಲಕ ಬೀಳುವ ತನಕ ಎತ್ತಿದವರು ಕೈ ಬಿಡುವಂತಿಲ್ಲ, ಶು ಇವತ್ತಿಗೂ ಕೈ ಬಿಟ್ಟಿಲ್ಲವಲ್ಲ.

ನುತ್‌ಳ ಬೆನ್ನು ಮೂರು ಇಂಚಿನ ಪಿವಿಸಿ ಪೈಪು. ಅದನ್ನು ಹ್ಯಾಕ್ಸಾದಿಂದ ಉದ್ದಕ್ಕೆ ಸೀಳಿ, ಅರ್ಧ ಭಾಗವನ್ನು ಕವುಚಿ ಹಾಕಿ, ಕಡುನೀಲಿ ಹತ್ತಿಬಟ್ಟೆ ಹೊದಿಸಿ, ಹಳದಿ ಬಣ್ಣದಲ್ಲಿ ಐದು ಮೂಲೆಯ ನಕ್ಷತ್ರಗಳನ್ನು ಬಿಡಿಸಲಾಯಿತು. ಕೈಕಾಲುಗಳು ಬರಿಯ ಬಟ್ಟೆ. ಕೆಳಗಿರುವಾಗ ಮಡಚಿಕೊಂಡಿದ್ದು ಮೇಲೇರಿದಾಗ ನೀಳವಾಗುತ್ತವೆ. ಒಳಗಿರುವುದು ಸೂರ್ಯನ ದಾರಿ. ನುತ್ ಸಂಜೆ ಪಶ್ಚಿಮದಲ್ಲಿ ಸೂರ್ಯನನ್ನು ನುಂಗುತ್ತಾಳೆ, ಇರುಳಿಡೀ ಅವನು ಅವಳ ಮೈಯೊಳಗೆ ಸಾಗುತ್ತಾನೆ, ಬೆಳಗ್ಗೆ ಪೂರ್ವದಲ್ಲಿ ಅವಳು ಅವನನ್ನು ಹೆರುತ್ತಾಳೆ. ರಾಜರ ಕಣಿವೆಯಲ್ಲಿರುವ ಆರನೆಯ ರಾಮ್ಸೆಸ್‌ನ ಗೋರಿಯ ಛಾವಣಿಯಲ್ಲಿ ಅವಳ ಮೈಯುದ್ದಕ್ಕೂ ಕೆಂಪು ಬಿಂಬಗಳನ್ನು ಬಿಡಿಸಿ ಈ ಪಯಣವನ್ನು ತೋರಿಸಿದ್ದಾರೆ. ನಮ್ಮ ಮಾದರಿಯಲ್ಲಿ ಪೈಪಿನ ಎರಡು ತುದಿಗೆ 4 ಸೆಂ.ಮೀ. ದಪ್ಪದ ಮರದ ಉರುಳೆಗಳಿವೆ, ಅವುಗಳ ಸುತ್ತ ಗಿರಣಿಯ ಬೆಲ್ಟಿನಂತೆ ಒಂದು ಲಾಡಿ ಸುತ್ತುತ್ತದೆ, ಲಾಡಿಯ ಹೊರಮೈಗೆ 2 ಸೆಂ.ಮೀ. ಅಗಲದ ಕೆಂಪು ತಗಡಿನ ಸೂರ್ಯನನ್ನು ಹೊಲಿಯಲಾಗಿದೆ. ದುಂಡು ದಾರ ಹಾಕಿದರೆ ಅದು ತಿರುಚಿಕೊಂಡು ಸೂರ್ಯ ಅಡ್ಡಾದಿಡ್ಡಿ ಸಿಕ್ಕಿಬೀಳುತ್ತಾನೆ. ಚಪ್ಪಟೆ ಲಾಡಿ ತಿರುಚುವುದಿಲ್ಲ. ಉರುಳೆಯ ಹಿಡಿಕೆ ತಿರುಗಿಸಿದರೆ ಸೂರ್ಯ ಹೊಟ್ಟೆಯ ಕೆಳಗೆ ಪೂರ್ವದಿಂದ ಪಶ್ಚಿಮಕ್ಕೆ ಸಾಗಿ, ಬಾಯಿಯ ಬಳಿ ಮೇಲೇರಿ, ಕವುಚಿದ ಪೈಪಿನೊಳಗೆ ಮರೆಯಾಗುತ್ತಾನೆ. ಪೂರ್ವ ದಿಕ್ಕಿಗೆ ನುತ್‌ಳ ಕಾಲು ಬರುವಂತೆ ತಟ್ಟೆಯನ್ನು ಇಡಬೇಕು, ದಿಕ್ಕು ತಪ್ಪಿಸಿದರೆ ಮಕ್ಕಳು ತಕ್ಷಣ ಹಿಡಿಯುತ್ತಾರೆ.

ನೆಲ ಗಂಡು, ಆಕಾಶ ಹೆಣ್ಣು ಎಂಬುದು ಭೂತಾಯಿ ಎಂದೇ ಕೇಳಿ ಬೆಳೆದ ಮಕ್ಕಳಿಗೆ ವಿಚಿತ್ರವೆನಿಸುತ್ತದೆ. ಇದಕ್ಕೆ ಜಾಣ ಕಾರಣವೊಂದನ್ನು ಕಟ್ಟಿ ಹೇಳುವ ಚಪಲ ಶಿಕ್ಷಕರಿಗೆ ಬರುತ್ತದೆ, ಅದನ್ನು ತಡೆದುಕೊಳ್ಳುವುದೇ ಸರಿ. ಬೇರೆ ಜನ ಬೇರೆ ರೀತಿ ಕಂಡರು ಎಂದಷ್ಟೇ ಹೇಳಿ ಚಿತ್ರ ತೋರಿಸಿದರೆ ಸಾಕು.

ಹರ್ಮೊಪೊಲಿಸ್‌ನ ಎಂಟು ಮಂದಿ ನಾಲ್ಕು ಜೋಡಿಗಳು: ನೀರು, ಅನಂತತೆ, ಕತ್ತಲು ಮತ್ತು ಗುಪ್ತತೆ. ಗಂಡು ದೇವರಿಗೆ ಕಪ್ಪೆಯ ತಲೆ, ಹೆಣ್ಣು ದೇವರಿಗೆ ಹಾವಿನ ತಲೆ. ಇವರು ದಿಬ್ಬಕ್ಕಿಂತ ಮೊದಲಿನವರಾದ್ದರಿಂದ ಗೂಟವಿಲ್ಲ. ತೇಲುವ ಬೆಂಡಿನ ಮೇಲೆ ನಿಂತು ನೀರಿನೊಡನೆ ಇಳಿಯುತ್ತಾರೆ. ಈ ಊರಿನ ಕಥೆಯ ಒಂದು ಪಾಠಾಂತರದಲ್ಲಿ ನೀರಿನಿಂದ ಹೂವೊಂದು ಎದ್ದು, ಅದು ಅರಳಿದಾಗ ಸೂರ್ಯ ಹೊರಬರುತ್ತಾನೆ. ಆ ಹೂವು ನಮ್ಮ ತಾವರೆಯಲ್ಲ, ಬೆಳಗ್ಗೆ ಅರಳಿ ಆಮೇಲೆ ಮುಚ್ಚಿಕೊಳ್ಳುವ ನೀಲಿ ನೈದಿಲೆ. ಇದನ್ನು ತೋರಿಸಲು ತೆಳು ಕಾಗದವನ್ನು ನೈದಿಲೆಯ ಆಕಾರಕ್ಕೆ ಕತ್ತರಿಸಿ, ಎಸಳುಗಳನ್ನು ಒಳಕ್ಕೆ ಮಡಚಿ, ನಡುವೆ ಹಳದಿ ಸೂರ್ಯನನ್ನು ಬರೆದು ನೀರಿನ ಮೇಲೆ ಬಿಟ್ಟರಾಯಿತು. ಕಾಗದದ ನಾರುಗಳು ನೀರು ಹೀರಿ ಉಬ್ಬುವಾಗ ಮಡಿಕೆ ಬಿಚ್ಚಿಕೊಂಡು ಹೂವು ತಾನಾಗಿ ಅರಳುತ್ತದೆ. ವೃತ್ತಪತ್ರಿಕೆಯ ಕಾಗದ ಬೇಗ ಅರಳುತ್ತದೆ, ಡ್ರಾಯಿಂಗ್ ಹಾಳೆ ನಿಧಾನ, ಮಿರುಗುವ ಹಾಳೆ ಇನ್ನೂ ನಿಧಾನ. ಇಲ್ಲೂ ಯಾರ ಕೈಯೂ ಇಲ್ಲ. ಇಡೀ ಮಾದರಿಯಲ್ಲಿ ಅತಿ ಅಗ್ಗದ ಭಾಗ ಇದು, ಮಕ್ಕಳು ಮತ್ತೆ ಮತ್ತೆ ಕೇಳುವುದೂ ಇದನ್ನೇ.

ತಿಗರಿಯ ಕೆಲಸ ಸರಳ. 6203 ಬೇರಿಂಗ್ ಎರಡನ್ನು 5 ಸೆಂ.ಮೀ. ಅಂತರದಲ್ಲಿ ಹಲಗೆಗೆ ಕೂರಿಸಿ, 17 ಮಿ.ಮೀ. ಗೂಟ ತೂರಿಸಿ, ಮೇಲೆ 25 ಸೆಂ.ಮೀ. ಅಗಲದ ದುಂಡು ಪ್ಲೈವುಡ್ ತಿರುಪಿದರೆ ಮುಗಿಯಿತು. ಒಂದೇ ಬೇರಿಂಗ್ ಆದರೆ ಓಲಾಡುತ್ತದೆ. ಟಗರಿನ ತಲೆಯ ಖ್ನುಮ್ ಮನುಷ್ಯರನ್ನು ಕುಂಬಾರನಂತೆ ತಿಗರಿಯ ಮೇಲೆ ಮಾಡಿದವನು. ದೈರ್ ಅಲ್-ಬಹ್ರಿಯಲ್ಲಿ ಹತ್‌ಶೆಪ್ಸುತ್ ರಾಣಿಯ ಜನನವನ್ನು ಕೆತ್ತಿರುವ ಗೋಡೆಯಲ್ಲಿ ಅವನು ಒಂದಲ್ಲ, ಎರಡು ಗೊಂಬೆ ಮಾಡುತ್ತಾನೆ: ಒಂದು ಮೈ, ಇನ್ನೊಂದು ಅವಳ ಕಾ, ಅಂದರೆ ಬದುಕಿನುದ್ದಕ್ಕೂ ಜೊತೆಗಿರುವ ಜೀವಶಕ್ತಿ. ಕಪ್ಪೆಯ ರೂಪದ ಹೆಕೆತ್ ಅವಕ್ಕೆ ಉಸಿರು ಕೊಡುತ್ತಾಳೆ. ಆದ್ದರಿಂದ ಪ್ರತಿ ಮಗುವೂ ತನ್ನದೇ ಎರಡು ಗೊಂಬೆಗಳನ್ನು ಮಾಡಬೇಕು, ಎರಡೂ ಒಂದೇ ಹಾಗಿರಬೇಕು. ಎಸ್ನಾದ ದೇವಾಲಯದ ಸ್ತೋತ್ರ ಖ್ನುಮ್ ಬೆನ್ನೆಲುಬು, ತಲೆಬುರುಡೆ, ಚರ್ಮ, ಕೂದಲು ಎಂದು ಒಂದೊಂದನ್ನೂ ಹೆಸರಿಸಿ ಹೊಗಳುತ್ತದೆ. ನಾವೂ ಕಡ್ಡಿಯ ಬೆನ್ನೆಲುಬಿನಿಂದಲೇ ಶುರುಮಾಡಿಸುತ್ತೇವೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿ ರೂಢಿಯಿರುವ ಮಕ್ಕಳಿಗೆ ಮಣ್ಣನ್ನು ಮೆತ್ತುವುದು ಹೇಳಿಕೊಡಬೇಕಾಗಿಲ್ಲ. ಎರಡು ಪಾಲು ಎರೆಮಣ್ಣಿಗೆ ಒಂದು ಪಾಲು ಸಣ್ಣ ಮರಳು ಕಲಸಿ ನೆರಳಿನಲ್ಲಿ ಒಣಗಿಸಿದರೆ ಬಿರುಕು ಕಡಿಮೆ.

ಪ್ತಾಹ್‌ನ ಕಥೆ ಕಷ್ಟ. ಅವನು ಹೃದಯದಲ್ಲಿ ಯೋಚಿಸಿ, ನಾಲಿಗೆಯಿಂದ ಹೆಸರು ನುಡಿದು ಎಲ್ಲವನ್ನೂ ಉಂಟುಮಾಡಿದನು. ಈ ಪಾಠ ನಮಗೆ ಸಿಕ್ಕಿರುವುದು ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಶಬಾಕ ದೊರೆಯ ಕಪ್ಪು ಕಲ್ಲಿನಿಂದ. ಹುಳು ತಿಂದ ಹಳೆಯ ಪ್ರತಿಯಿಂದ ಇದನ್ನು ಕಲ್ಲಿಗೆ ಇಳಿಸಿದೆ ಎಂದು ಕ್ರಿ.ಪೂ. 700ರ ಆಸುಪಾಸಿನ ಆ ದೊರೆ ಕೆತ್ತಿಸಿದ್ದಾನೆ, ಮುಂದೆ ಆ ಕಲ್ಲೂ ಬೇರೆ ಬಳಕೆಗೆ ಹೋಗಿ ನಡುವಿನ ಬರಹ ಅಳಿಸಿದೆ. ಯೋಚನೆಗೆ ಯಂತ್ರ ಕಟ್ಟಲಾಗದು, ಹಾಗಾಗಿ ಇದನ್ನು ಆಟವಾಗಿ ಮಾಡಲಾಯಿತು. ಒಂದು ಮಗು ಎದೆಯ ಮೇಲೆ ಕೈಯಿಟ್ಟು ಒಂದು ವಸ್ತುವನ್ನು ನೆನೆಸಿ ಪಕ್ಕದವರ ಕಿವಿಯಲ್ಲಿ ಹೇಳುತ್ತದೆ, ಆ ಎರಡನೆಯ ಮಗು ಹೆಸರನ್ನು ಜೋರಾಗಿ ನುಡಿಯುತ್ತದೆ, ಉಳಿದವರು ಅದನ್ನು ಮಣ್ಣಿನಲ್ಲಿ ಮಾಡಿ ದಿಬ್ಬದ ಇಳಿಜಾರಿನಲ್ಲಿ ಇಡುತ್ತಾರೆ. ನುಡಿಯದ್ದನ್ನು ಇಡುವಂತಿಲ್ಲ.

ಈಗ ಕೈಯಲ್ಲಿರುವುದು ವರ್ಷದ ಹಲಗೆ. ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿಟ್ಟ ಕಥೆಯ ಪ್ರಕಾರ ನುತ್ ವರ್ಷದ ಯಾವ ದಿನವೂ ಹೆರಬಾರದೆಂದು ಸೂರ್ಯ ಶಪಿಸಿದಾಗ, ಜ್ಞಾನದ ದೇವರಾದ ಥೋತ್ ಚಂದ್ರನೊಡನೆ ಮಣೆಯಾಟ ಆಡಿ ಅವನ ಬೆಳಕಿನ ಒಂದು ಪಾಲನ್ನು ಗೆದ್ದು ಐದು ಹೊಸ ದಿನ ಮಾಡಿಕೊಟ್ಟನು. ಈಜಿಪ್ಟಿನ ಪಂಚಾಂಗದಲ್ಲಿ 30 ದಿನದ 12 ತಿಂಗಳು, ಮೇಲೆ ಐದು ದಿನ ಇದ್ದದ್ದು ಹೀಗೆ. ಹಲಗೆಯಲ್ಲಿ 30ರಂತೆ 12 ಸಾಲು ತೂತು ಕೊರೆದು, ಐದು ಗೂಟಗಳನ್ನು ಬೇರೆ ಬಣ್ಣದಲ್ಲಿ ಮಾಡುತ್ತಿದ್ದೇವೆ. ಇಲ್ಲಿ ಎರಡು ಕಥೆಗಳ ಲೆಕ್ಕ ಹೊಂದುವುದಿಲ್ಲ: ಹೀಲಿಯೊಪೊಲಿಸ್‌ನ ಒಂಬತ್ತರಲ್ಲಿ ನುತ್‌ಳಿಗೆ ನಾಲ್ಕು ಮಕ್ಕಳು, ಪ್ಲುಟಾರ್ಕ್‌ನ ಐದು ದಿನಕ್ಕೆ ಐದು ಮಕ್ಕಳು, ಹೆಚ್ಚಿನವನು ಹಿರಿಯ ಹೋರಸ್. ಒಂಬತ್ತು ಗೊಂಬೆಗಳ ಸ್ಟ್ಯಾಂಡಿನಲ್ಲಿ ಅವನಿಗೆ ಜಾಗವಿಲ್ಲದ ಕಾರಣ, ಅದರ ಬದಿಯಲ್ಲಿ ಹತ್ತನೆಯ ತೂತೊಂದನ್ನು ಕೊರೆಯಲು ಗುರುತು ಹಾಕಿಟ್ಟಿದೆ.